ಕಾರಿನ ಎಸಿ ದುರ್ವಾಸನೆ: ಮೂಲ ಯಾವುದು, ಪರಿಹಾರವೇನು?

ಎಸಿ ಗುಂಡಿ ಒತ್ತಿದೊಡನೆ ತಂಗಾಳಿಗಿಂತ ಮೊದಲು ಒದ್ದೆ ಕಾಲುಚೀಲದಂಥ ಮುಗ್ಗಲು ವಾಸನೆ ಮೂಗಿಗೆ ಬಡಿಯುವುದು ಬಹುತೇಕ ಕಾರು ಮಾಲೀಕರಿಗೆ ಪರಿಚಿತವಾದ ಅನುಭವ. ಬೇಸಿಗೆ ಕಳೆದು ಮುಂಗಾರು ಕಾಲಿಟ್ಟ ಮೇಲಂತೂ ಈ ದೂರು ಗ್ಯಾರೇಜುಗಳಲ್ಲಿ ಹೆಚ್ಚಾಗಿ ಕೇಳಿಬರುತ್ತದೆ. ಇದಕ್ಕೆ ಹಲವರು ಕಂಡುಕೊಂಡಿರುವ ಪರಿಹಾರ ಡ್ಯಾಶ್‌ಬೋರ್ಡಿನ ಮೇಲೊಂದು ಸುಗಂಧದ ಬಾಟಲಿ. ಆದರೆ ವಾಸನೆ ಎಂಬುದು ರೋಗವಲ್ಲ, ರೋಗದ ಲಕ್ಷಣ. ಅದರ ಮೂಲವನ್ನು ಹುಡುಕದೆ ಮೇಲೆ ಪರಿಮಳ ಸಿಂಪಡಿಸಿದರೆ ಕೆಲವೇ ದಿನಗಳಲ್ಲಿ ದುರ್ವಾಸನೆ ಮರಳುತ್ತದೆ. ಅಷ್ಟೇ ಅಲ್ಲ, ಇಂಧನ ಸೋರಿಕೆ ಅಥವಾ ತಂತಿ ಸುಡುವಂಥ ಗಂಭೀರ ದೋಷದ ಮುನ್ಸೂಚನೆಯೂ ಆ ಪರಿಮಳದಲ್ಲಿ ಮುಚ್ಚಿಹೋಗಬಹುದು.

ಕಾರಿನ ಎಸಿಯಿಂದ ವಾಸನೆ ಏಕೆ ಬರುತ್ತದೆ, ಯಾವ ವಾಸನೆ ಯಾವ ದೋಷವನ್ನು ಸೂಚಿಸುತ್ತದೆ, ಮನೆಯಲ್ಲೇ ಏನು ಮಾಡಬಹುದು, ಮೆಕ್ಯಾನಿಕ್ ನೆರವು ಯಾವಾಗ ಅಗತ್ಯ ಎಂಬುದರ ವಿವರ ಇಲ್ಲಿದೆ.

ತಂಗಾಳಿ ಹುಟ್ಟುವ ಬಗೆ

ಕಾರಿಗೆ ಹವಾನಿಯಂತ್ರಣ ಬಂದು ಎಂಟು ದಶಕಗಳು ಮೀರಿವೆ. ಅಮೆರಿಕದ ಪ್ಯಾಕಾರ್ಡ್ ಕಂಪೆನಿಯು 1939ರಲ್ಲಿ ತನ್ನ 1940ರ ಮಾದರಿಯ ಕಾರುಗಳಿಗೆ ಕಾರ್ಖಾನೆಯಲ್ಲೇ ಎಸಿ ಅಳವಡಿಸಿಕೊಡುವುದಾಗಿ ಪ್ರಕಟಿಸಿತು. ಅದರ ಶೀತಲ ಘಟಕ ಇದ್ದದ್ದು ಡಿಕ್ಕಿಯ ಭಾಗದಲ್ಲಿ. ಎಸಿ ನಿಲ್ಲಿಸಬೇಕಾದರೆ ಎಂಜಿನ್ ಆರಿಸಿ, ಬಾನೆಟ್ ತೆರೆದು, ಕಂಪ್ರೆಸರ್‌ನ ಬೆಲ್ಟ್ ಕಳಚಬೇಕಿತ್ತು. ಇಂದು ಎಲ್ಲವೂ ಒಂದು ಗುಂಡಿಯಲ್ಲಿ ಅಡಗಿದೆಯಾದರೂ ಮೂಲತತ್ತ್ವ ಬದಲಾಗಿಲ್ಲ.

ಕಂಪ್ರೆಸರ್ ಶೀತಲ ಅನಿಲವನ್ನು ಒತ್ತಿ ಬಿಸಿ ಮಾಡುತ್ತದೆ. ಕಾರಿನ ಮುಂಭಾಗದಲ್ಲಿರುವ ಕಂಡೆನ್ಸರ್ ಆ ಶಾಖವನ್ನು ಹೊರಗಿನ ಗಾಳಿಗೆ ಬಿಟ್ಟುಕೊಟ್ಟು ಅನಿಲವನ್ನು ದ್ರವವಾಗಿಸುತ್ತದೆ. ಎಕ್ಸ್‌ಪ್ಯಾನ್ಷನ್ ವಾಲ್ವ್ ಮೂಲಕ ಹಾಯ್ದ ದ್ರವ ಒತ್ತಡ ಕಳೆದುಕೊಂಡು ತಣ್ಣಗಾಗಿ ಇವಾಪೊರೇಟರ್ ಸೇರುತ್ತದೆ. ಮೆಕ್ಯಾನಿಕ್‌ಗಳು ‘ಕೂಲಿಂಗ್ ಕಾಯಿಲ್’ ಎಂದು ಕರೆಯುವುದು ಇದನ್ನೇ. ಡ್ಯಾಶ್‌ಬೋರ್ಡಿನ ಹಿಂದೆ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಕುಳಿತ ಈ ಅಲ್ಯೂಮಿನಿಯಂ ಕಾಯಿಲ್‌ನ ಒತ್ತೊತ್ತಾದ ಪಟ್ಟಿಗಳ ನಡುವೆ ಬ್ಲೋವರ್ ಗಾಳಿ ನುಗ್ಗಿಸುತ್ತದೆ. ಹಾಗೆ ತಂಪಾದ ಗಾಳಿಯೇ ಪ್ರಯಾಣಿಕರನ್ನು ತಲುಪುತ್ತದೆ.

ಮುಗ್ಗಲು ವಾಸನೆಯ ತವರು

ತಣ್ಣೀರು ತುಂಬಿದ ಲೋಟದ ಹೊರಮೈ ಬೆವರುವಂತೆ ಕೂಲಿಂಗ್ ಕಾಯಿಲ್ ಕೂಡ ಬೆವರುತ್ತದೆ. 30 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ಹಾಗೂ ಶೇ 80ರಷ್ಟು ಆರ್ದ್ರತೆ ಇರುವ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರಾವಿ ಇರುತ್ತದೆ. ಅದೇ ಗಾಳಿ 10 ಡಿಗ್ರಿಗೆ ಇಳಿದರೆ ಹಿಡಿದಿಟ್ಟುಕೊಳ್ಳಬಲ್ಲದ್ದು ಸುಮಾರು 9 ಗ್ರಾಂ ಮಾತ್ರ. ಉಳಿದ 15 ಗ್ರಾಂ ನೀರಾಗಿ ಕಾಯಿಲ್ ಮೇಲೆ ಕೂರುತ್ತದೆ. ಈ ಲೆಕ್ಕದಲ್ಲಿ ಹೊರಗಿನಿಂದ ಬಂದ 100 ಘನ ಮೀಟರ್ ಗಾಳಿ ತಂಪಾಗುವ ಹೊತ್ತಿಗೆ ಒಂದೂವರೆ ಲೀಟರ್ ನೀರು ಸಂಗ್ರಹವಾಗುತ್ತದೆ. ಮಂಗಳೂರು, ಉಡುಪಿ, ಕಾರವಾರದಂಥ ಕರಾವಳಿ ಊರುಗಳಲ್ಲಿ ಮತ್ತು ಮಳೆಗಾಲದ ಮಲೆನಾಡಿನಲ್ಲಿ ಎಸಿ ವಾಸನೆಯ ತೊಂದರೆ ಹೆಚ್ಚಾಗಿರಲು ಇದೇ ಕಾರಣ. ರಾಯಚೂರು, ಕಲಬುರಗಿಯಂಥ ಒಣಹವೆಯ ಊರುಗಳಲ್ಲಿ ನೀರಿಗಿಂತ ದೂಳಿನ ಕಾಟ ಹೆಚ್ಚು.

ಈ ನೀರು ಕಾಯಿಲ್ ಕೆಳಗಿನ ತಟ್ಟೆಗೆ ಇಳಿದು, ಅಲ್ಲಿಂದ ಸಣ್ಣ ರಬ್ಬರ್ ಕೊಳವೆಯ ಮೂಲಕ ಕಾರಿನ ಅಡಿಯಲ್ಲಿ ತೊಟ್ಟಿಕ್ಕುತ್ತದೆ. ಆದರೆ ಪಟ್ಟಿಗಳ ಸಂದಿಯಲ್ಲಿ ಒಂದಿಷ್ಟು ತೇವ ಉಳಿದೇ ಉಳಿಯುತ್ತದೆ. ಗಾಳಿಯೊಂದಿಗೆ ಬಂದ ದೂಳು, ಪರಾಗ, ಕೂದಲೆಳೆ, ಬಟ್ಟೆಯ ನಾರು ಅದಕ್ಕೆ ಅಂಟಿಕೊಳ್ಳುತ್ತವೆ. ಕತ್ತಲೆ, ತೇವ ಮತ್ತು ಆಹಾರ ಮೂರೂ ಒಂದೆಡೆ ಸೇರಿದಾಗ ಬೂಷ್ಟು ಹಾಗೂ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಇವು ಹೊರಬಿಡುವ ಆವಿಯೇ ಮುಗ್ಗಲು ವಾಸನೆ.

ಎಸಿ ಚಾಲೂ ಮಾಡಿದ ಮೊದಲ ನಿಮಿಷದಲ್ಲಿ ಅಥವಾ ಸಿಗ್ನಲ್‌ನಲ್ಲಿ ಕಂಪ್ರೆಸರ್ ಕೆಲಕಾಲ ನಿಂತಾಗ ವಾಸನೆ ತೀವ್ರವಾಗುವುದನ್ನು ಹಲವರು ಗಮನಿಸಿರುತ್ತಾರೆ. ಕಾಯಿಲ್ ತುಸು ಬೆಚ್ಚಗಾದಂತೆ ಅದರ ಮೇಲಿನ ತೇವ ಆವಿಯಾಗುತ್ತಾ ವಾಸನೆಯನ್ನೂ ಹೊತ್ತು ತರುವುದೇ ಇದಕ್ಕೆ ಕಾರಣ. ಕೆಲವು ನಿಮಿಷಗಳ ಬಳಿಕ ವಾಸನೆ ಕಡಿಮೆಯಾದಂತೆ ತೋರುತ್ತದೆ. ಕಾಯಿಲ್ ಮತ್ತೆ ತಣ್ಣಗಾಗುವುದು ಒಂದು ಕಾರಣವಾದರೆ, ಮೂಗು ಆ ವಾಸನೆಗೆ ಒಗ್ಗಿಕೊಳ್ಳುವುದು ಇನ್ನೊಂದು. ಆದ್ದರಿಂದ ದಿನವೂ ಕಾರು ಓಡಿಸುವವರ ಮೂಗನ್ನು ಪೂರ್ತಿ ನಂಬುವಂತಿಲ್ಲ. ಅಪರೂಪಕ್ಕೆ ಕಾರು ಹತ್ತುವವರು ಹೇಳುವ ಮಾತೇ ಹೆಚ್ಚು ನಿಖರ.

ಬೂಷ್ಟಿನ ಕಣಗಳು ಎಲ್ಲರಿಗೂ ಕಾಯಿಲೆ ತರುತ್ತವೆ ಎಂದಲ್ಲ. ಆದರೆ ಆಸ್ತಮಾ ಅಥವಾ ಅಲರ್ಜಿ ಇರುವವರಿಗೆ, ಚಿಕ್ಕ ಮಕ್ಕಳಿಗೆ ಮತ್ತು ರೋಗನಿರೋಧಕ ಶಕ್ತಿ ಕುಂದಿದವರಿಗೆ ಸೀನು, ಕೆಮ್ಮು, ಕಣ್ಣುರಿ, ಉಬ್ಬಸ ಉಲ್ಬಣಿಸಬಹುದು. ದಿನಕ್ಕೆ ಹತ್ತು ಹನ್ನೆರಡು ತಾಸು ಕಾರಿನೊಳಗೇ ಕಳೆಯುವ ಟ್ಯಾಕ್ಸಿ ಚಾಲಕರು ಈ ಗಾಳಿಯನ್ನು ಉಳಿದವರಿಗಿಂತ ಹೆಚ್ಚು ಹೊತ್ತು ಸೇವಿಸುತ್ತಾರೆ. ಕಾರು ಹತ್ತಿದಾಗ ಶುರುವಾಗಿ ಇಳಿದಾಗ ನಿಲ್ಲುವ ಸೀನು, ಕೆಮ್ಮು ಇದ್ದರೆ ಎಸಿಯತ್ತ ಗಮನ ಹರಿಸುವುದು ಒಳಿತು.

ಯಾವ ವಾಸನೆ, ಯಾವ ದೋಷ?

ಎಲ್ಲ ವಾಸನೆಯೂ ಬೂಷ್ಟಿನದಲ್ಲ. ಕೆಳಗಿನ ವ್ಯತ್ಯಾಸಗಳನ್ನು ತಿಳಿದಿದ್ದರೆ ದೋಷದ ಜಾಡು ಹಿಡಿಯುವುದು ಸುಲಭ.

* ಒದ್ದೆ ಬಟ್ಟೆಯ ಮುಗ್ಗಲು ವಾಸನೆ: ಕೂಲಿಂಗ್ ಕಾಯಿಲ್, ಕೊಳೆಯಾದ ಫಿಲ್ಟರ್, ಕಟ್ಟಿಕೊಂಡ ನೀರಿನ ಕೊಳವೆ ಅಥವಾ ಒದ್ದೆಯಾದ ಕಾರ್ಪೆಟ್.

* ಸಿಹಿ ವಾಸನೆ: ಎಂಜಿನ್ ತಂಪಾಗಿಡುವ ಕೂಲೆಂಟ್ ದ್ರವ ಹೀಟರ್‌ನಿಂದ ಸೋರುತ್ತಿರಬಹುದು. ಮುಂದಿನ ಗಾಜಿನ ಒಳಮೈಯಲ್ಲಿ ಜಿಡ್ಡಿನ ಮಂಜು ಕೂರುವುದು ಇದರ ಇನ್ನೊಂದು ಸೂಚನೆ. ಕೂಲೆಂಟ್‌ನಲ್ಲಿ ಬಳಸುವ ಎಥಿಲೀನ್ ಗ್ಲೈಕಾಲ್ ವಿಷಕಾರಿ. ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಅದು ಎಟುಕದಂತೆ ನೋಡಿಕೊಳ್ಳಬೇಕು.

* ಪೆಟ್ರೋಲ್ ಅಥವಾ ಡೀಸೆಲ್ ವಾಸನೆ: ಎಂಜಿನ್ ಭಾಗದಲ್ಲಿ ಇಂಧನ ಸೋರಿಕೆ. ಕಾರನ್ನು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಎಂಜಿನ್ ಆರಿಸಬೇಕು. ದೋಷ ಪತ್ತೆಯಾಗುವವರೆಗೆ ಓಡಿಸಬಾರದು.

* ಸಿಎನ್‌ಜಿ ವಾಸನೆ: ನೈಸರ್ಗಿಕ ಅನಿಲಕ್ಕೆ ಸ್ವಂತ ವಾಸನೆಯಿಲ್ಲ. ಸೋರಿಕೆ ಗೊತ್ತಾಗಲೆಂದೇ ಅದಕ್ಕೆ ಘಾಟು ಬೆರೆಸಿರುತ್ತಾರೆ. ಈ ಘಾಟು ಬಂದರೆ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಬಾಗಿಲು ತೆರೆದು ದೂರ ಸರಿಯಬೇಕು. ಮತ್ತೆ ಸ್ವಿಚ್ ಮುಟ್ಟಬಾರದು.

* ಕರಕಲು ವಾಸನೆ: ತಂತಿಯ ಹೊದಿಕೆ, ಬ್ಲೋವರ್ ಮೋಟಾರ್, ಬೆಲ್ಟ್ ಅಥವಾ ಕಂಪ್ರೆಸರ್ ಕ್ಲಚ್ ಬಿಸಿಯಾಗಿರಬಹುದು. ಎಸಿಯನ್ನು ತಕ್ಷಣ ಬಂದ್ ಮಾಡಬೇಕು.

* ಕೊಳೆತ ಮೊಟ್ಟೆಯ ವಾಸನೆ: ಸೈಲೆನ್ಸರ್ ಕೊಳವೆಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ದೋಷ ಅಥವಾ ಅತಿಯಾಗಿ ಚಾರ್ಜ್ ಆಗುತ್ತಿರುವ ಬ್ಯಾಟರಿ. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಗೆ ಬಂದ ಬಿಎಸ್-6 ಇಂಧನದಲ್ಲಿ ಗಂಧಕದ ಮಿತಿ 50 ಪಿಪಿಎಂನಿಂದ 10 ಪಿಪಿಎಂಗೆ ಇಳಿದಿದೆ. ಆದ್ದರಿಂದ ಈಗ ಈ ವಾಸನೆ ಬಂದರೆ ಬ್ಯಾಟರಿಯನ್ನೂ ತಪ್ಪದೆ ಪರೀಕ್ಷಿಸಬೇಕು. ಅತಿಯಾಗಿ ಚಾರ್ಜ್ ಆದ ಬ್ಯಾಟರಿ ಹೊರಬಿಡುವ ಹೈಡ್ರೋಜನ್ ಸ್ಫೋಟಿಸುವ ಗುಣವುಳ್ಳದ್ದು.

* ಸತ್ತ ಪ್ರಾಣಿಯ ಕೊಳೆತ ವಾಸನೆ: ಗಾಳಿಯ ಹಾದಿಯಲ್ಲಿ ಇಲಿ, ಹಲ್ಲಿ ಸತ್ತಿರುವ ಸಾಧ್ಯತೆ.

ವಾಸನೆಯೇ ಇಲ್ಲದ ಅಪಾಯ

ದುರ್ವಾಸನೆಗೆ ಹೆದರುವವರು ಮರೆಯಬಾರದ ಸಂಗತಿಯೆಂದರೆ, ಕಾರಿನೊಳಗೆ ಜೀವಕ್ಕೆ ಅತಿ ಅಪಾಯಕಾರಿಯಾದ ಅನಿಲಕ್ಕೆ ವಾಸನೆಯೇ ಇಲ್ಲ. ಎಂಜಿನ್ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ, ರುಚಿ, ವಾಸನೆ ಯಾವುದೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಅತಿಯಾದ ನಿದ್ದೆಯ ಮಂಪರು ಇದರ ಲಕ್ಷಣಗಳು. ಮಲಗಿದ್ದವರಿಗೆ ಈ ಲಕ್ಷಣಗಳು ತಿಳಿಯುವ ಮೊದಲೇ ಪ್ರಜ್ಞೆ ತಪ್ಪಬಹುದು.

ಆದ್ದರಿಂದ ಎಂಜಿನ್ ಚಾಲೂ ಇಟ್ಟು, ಎಸಿ ಹಾಕಿಕೊಂಡು, ಗಾಜು ಏರಿಸಿ ಕಾರಿನಲ್ಲಿ ಮಲಗುವುದು ಸರ್ವಥಾ ಸಲ್ಲದು. ಶೆಡ್ಡಿನೊಳಗೆ ಅಥವಾ ಗಾಳಿಯಾಡದ ನೆಲಮಾಳಿಗೆಯಲ್ಲಿ ಇದರ ಅಪಾಯ ಇನ್ನೂ ಹೆಚ್ಚು. ಕಾರಿನೊಳಗೆ ಹೊಗೆಯ ಘಾಟು ಬರುತ್ತಿದ್ದರೆ ಕಾರ್ಬನ್ ಮಾನಾಕ್ಸೈಡ್ ಕೂಡ ಜೊತೆಗಿರುತ್ತದೆ ಎಂದೇ ಭಾವಿಸಿ, ಸೈಲೆನ್ಸರ್ ಕೊಳವೆ ಹಾಗೂ ಡಿಕ್ಕಿ ಬಾಗಿಲಿನ ರಬ್ಬರನ್ನು ಪರೀಕ್ಷಿಸಬೇಕು. ಬ್ಯಾಟರಿಚಾಲಿತ ಕಾರುಗಳಿಗೆ ಈ ಹೊಗೆಯ ಭಯವಿಲ್ಲ. ಆದರೆ ಅವುಗಳಲ್ಲೂ ಕೂಲಿಂಗ್ ಕಾಯಿಲ್ ಇರುವುದರಿಂದ ಬೂಷ್ಟಿನ ಸಮಸ್ಯೆ ತಪ್ಪಿದ್ದಲ್ಲ.

ಮೂಲ ಪತ್ತೆ ಹಚ್ಚುವ ಕ್ರಮ

ಖರ್ಚು ಮಾಡುವ ಮೊದಲು ಹತ್ತು ನಿಮಿಷದ ಪರೀಕ್ಷೆಯೊಂದನ್ನು ಮಾಲೀಕರೇ ಮಾಡಬಹುದು.

ಮೊದಲಿಗೆ ರಾತ್ರಿಯಿಡೀ ಮುಚ್ಚಿಟ್ಟ ಕಾರಿನ ಬಾಗಿಲು ತೆರೆದು, ಬ್ಲೋವರ್ ಹಾಕದೆಯೇ ಮೂಸಿ ನೋಡಬೇಕು. ಆಗಲೇ ವಾಸನೆ ಇದ್ದರೆ ದೋಷ ಎಸಿಯದ್ದಲ್ಲ. ಚೆಲ್ಲಿದ ಹಾಲು, ಸೀಟಿನಡಿ ಉಳಿದ ತಿಂಡಿ, ಒದ್ದೆ ಕೊಡೆ, ಮ್ಯಾಟ್ ಕೆಳಗಿನ ತೇವ, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿಯಲ್ಲಿ ನಿಂತ ನೀರು ಇವುಗಳನ್ನು ಹುಡುಕಬೇಕು.

ಎರಡನೆಯದಾಗಿ ಎಸಿ ಹಾಕದೆ ಬ್ಲೋವರ್ ಮಾತ್ರ ಚಾಲೂ ಮಾಡಿ, ಹೊರಗಾಳಿ ಒಳಬರುವಂತೆ ಇಡಬೇಕು. ಬಳಿಕ ಒಳಗಾಳಿಯೇ ಸುತ್ತುವಂತೆ ಬದಲಿಸಬೇಕು. ಹೊರಗಾಳಿಯಲ್ಲಿ ಮಾತ್ರ ವಾಸನೆ ಬಂದರೆ ಅದರ ಮೂಲ ಎಂಜಿನ್ ಭಾಗ ಅಥವಾ ಮುಂದಿನ ಗಾಜಿನ ಬುಡದಲ್ಲಿರುವ ಗಾಳಿ ಕಿಂಡಿ. ಬೆಂಗಳೂರಿನಂಥ ನಗರದಲ್ಲಿ ಮರದಡಿ ನಿಲ್ಲಿಸಿದ ಕಾರುಗಳ ಈ ಕಿಂಡಿಯಲ್ಲಿ ಹೊಂಗೆ ಹೂವು, ಗುಲ್‌ಮೊಹರ್ ಮತ್ತು ಮಳೆಮರದ ಸಣ್ಣ ಎಲೆಗಳು ತುಂಬಿ ಮಳೆ ನೀರಿಗೆ ಕೊಳೆಯುತ್ತವೆ. ಅವನ್ನು ಕೈಯಿಂದ ಹೆಕ್ಕಿ ತೆಗೆದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಬಹುದು.

ಮೂರನೆಯದಾಗಿ ಎಸಿ ಹತ್ತು ನಿಮಿಷ ಓಡಿಸಿ, ಬ್ಲೋವರ್ ಹಾಗೆಯೇ ಇಟ್ಟು ಎಸಿ ಗುಂಡಿಯನ್ನು ಮಾತ್ರ ಆರಿಸಬೇಕು. ಒಂದೆರಡು ನಿಮಿಷದಲ್ಲಿ ಮುಗ್ಗಲು ವಾಸನೆ ಹೆಚ್ಚಿದರೆ ಕಾಯಿಲ್ ಶುದ್ಧಿ ಅಗತ್ಯ ಎಂದರ್ಥ.

ಮೊದಲ ಹೆಜ್ಜೆ: ಫಿಲ್ಟರ್

ಅತಿ ಕಡಿಮೆ ಖರ್ಚಿನಲ್ಲಿ ಹೆಚ್ಚು ಫಲ ಕೊಡುವ ಕೆಲಸ ಎಸಿ ಫಿಲ್ಟರ್ ಬದಲಾವಣೆ. ಇದು ಎಂಜಿನ್ನಿನ ಏರ್ ಫಿಲ್ಟರ್‌ಗಿಂತ ಬೇರೆ. ಬಹುತೇಕ ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ. ಗ್ಲೋವ್ ಬಾಕ್ಸಿನ ಎರಡೂ ಬದಿ ಒಳಕ್ಕೆ ಒತ್ತಿ ಕೆಳಗಿಳಿಸಿದರೆ ಫಿಲ್ಟರ್ ಮುಚ್ಚಳ ಕಾಣುತ್ತದೆ. ಹಳೆಯ ಹಾಗೂ ಅಗ್ಗದ ಕೆಲವು ಮಾದರಿಗಳಲ್ಲಿ ಈ ಫಿಲ್ಟರ್ ಇಲ್ಲದೆಯೂ ಇರಬಹುದು. ಆದ್ದರಿಂದ ಮಾಲೀಕರ ಕೈಪಿಡಿ ನೋಡುವುದು ಲೇಸು.

ಸಾಮಾನ್ಯವಾಗಿ 10 ಸಾವಿರದಿಂದ 20 ಸಾವಿರ ಕಿಲೋಮೀಟರ್‌ಗೊಮ್ಮೆ ಅಥವಾ ವರ್ಷಕ್ಕೊಮ್ಮೆ ಫಿಲ್ಟರ್ ಬದಲಿಸಬೇಕೆಂಬ ಸಲಹೆ ಇದೆ. ದೂಳಿನ ರಸ್ತೆಗಳಲ್ಲಿ ಓಡುವ ಕಾರಿಗೆ ಇನ್ನೂ ಬೇಗ ಬೇಕಾಗುತ್ತದೆ. ಮಳೆಗಾಲ ಮುಗಿದೊಡನೆ ಬದಲಿಸುವುದು ಒಳ್ಳೆಯ ಅಭ್ಯಾಸ. ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆದು ಮತ್ತೆ ಹಾಕಬಾರದು. ಅದರ ಎಳೆಗಳು ಹಾಳಾಗುವುದಲ್ಲದೆ ಉಳಿದ ತೇವದಲ್ಲಿ ಬೂಷ್ಟು ಬೆಳೆಯುತ್ತದೆ. ಇದ್ದಿಲಿನ ಪದರವಿರುವ ಫಿಲ್ಟರ್‌ಗಳು ಹೊರಗಿನ ಹೊಗೆ, ಚರಂಡಿಯ ವಾಸನೆಯನ್ನು ಸ್ವಲ್ಪಮಟ್ಟಿಗೆ ಹೀರುತ್ತವೆ. ಆದರೆ ಫಿಲ್ಟರ್ ದಾಟಿದ ಮೇಲಿರುವ ಕಾಯಿಲ್‌ನ ಬೂಷ್ಟಿಗೆ ಅವು ಪರಿಹಾರವಲ್ಲ. ಹೊಸ ಫಿಲ್ಟರ್ ಕೂರಿಸುವಾಗ ಅದರ ಮೇಲಿನ ಬಾಣದ ಗುರುತು ಗಾಳಿ ಸಾಗುವ ದಿಕ್ಕಿಗೆ ಇರಬೇಕು.

ಎರಡನೇ ಹೆಜ್ಜೆ: ನೀರಿನ ಕೊಳವೆ

ಎಸಿ ಹಾಕಿ ನಿಂತ ಕಾರಿನ ಕೆಳಗೆ ನೀರು ತೊಟ್ಟಿಕ್ಕುವುದನ್ನು ಕಂಡು ಕೆಲವರು ಗಾಬರಿಯಾಗುತ್ತಾರೆ. ವಾಸ್ತವದಲ್ಲಿ ನೀರು ತೊಟ್ಟಿಕ್ಕದಿದ್ದರೆ ಚಿಂತಿಸಬೇಕು. ಸೆಕೆಯ ದಿನ ಅರ್ಧ ಗಂಟೆ ಎಸಿ ಓಡಿದರೂ ಕೆಳಗೆ ಹನಿ ಬೀಳದಿದ್ದರೆ, ಮುಂದಿನ ಪ್ರಯಾಣಿಕರ ಕಾಲ ಬಳಿ ಕಾರ್ಪೆಟ್ ಒದ್ದೆಯಾಗುತ್ತಿದ್ದರೆ ಅಥವಾ ತಿರುವಿನಲ್ಲಿ ಡ್ಯಾಶ್‌ಬೋರ್ಡ್ ಒಳಗೆ ನೀರು ತುಳುಕುವ ಸದ್ದು ಕೇಳಿದರೆ ಕೊಳವೆ ಕಟ್ಟಿಕೊಂಡಿದೆ ಎಂದು ತಿಳಿಯಬೇಕು. ಕೆಸರು, ಎಲೆಯ ಚೂರು, ಕೀಟಗಳ ಗೂಡು ಇದಕ್ಕೆ ಸಾಮಾನ್ಯ ಕಾರಣ.

ಕಾರನ್ನು ಎತ್ತಿ ನಿಲ್ಲಿಸುವ ಸೌಲಭ್ಯವಿರುವ ಗ್ಯಾರೇಜಿನಲ್ಲಿ ಕೆಳಗಿನಿಂದ ಮೆತ್ತನೆಯ ತಂತಿ ಹಾಯಿಸಿ ಇದನ್ನು ಬಿಡಿಸುತ್ತಾರೆ. ಬರಿಯ ಜ್ಯಾಕ್ ಮೇಲೆ ಎತ್ತಿದ ಕಾರಿನಡಿ ನುಸುಳುವುದು ಪ್ರಾಣಾಪಾಯಕರ. ಚೂಪಾದ ಕಂಬಿ ತೂರಿಸಿದರೆ ಕಾಯಿಲ್ ತೂತಾಗುವ ಅಪಾಯವೂ ಉಂಟು. ನೀರು ಒಳಗೆ ಚೆಲ್ಲಿದ್ದರೆ ಕಾರ್ಪೆಟ್ ಮೇಲೆತ್ತಿ, ಅದರಡಿಯ ಸ್ಪಂಜಿನ ಪದರವನ್ನೂ ಬಿಸಿಲಿನಲ್ಲಿ ಪೂರ್ತಿ ಒಣಗಿಸಬೇಕು. ಮೇಲ್ಪದರ ಮಾತ್ರ ಒಣಗಿದರೆ ವಾಸನೆ ಉಳಿಯುತ್ತದೆ.

ಮೂರನೇ ಹೆಜ್ಜೆ: ಕಾಯಿಲ್ ಶುದ್ಧಿ

ಸೌಮ್ಯ ಸ್ವರೂಪದ ವಾಸನೆಗೆ ಶಾಖದ ಉಪಾಯ ಸಾಕಾಗಬಹುದು. ಎಸಿ ಆರಿಸಿ, ಗಾಜುಗಳನ್ನು ಇಳಿಸಿ, ಹೊರಗಾಳಿ ಬರುವಂತೆ ಇಟ್ಟು, ಹೀಟರನ್ನು ಗರಿಷ್ಠ ಮಟ್ಟದಲ್ಲಿ ಹತ್ತು ನಿಮಿಷ ಓಡಿಸಿದರೆ ಗಾಳಿಯ ಹಾದಿಗಳು ಒಣಗುತ್ತವೆ. ಇದನ್ನು ಬಯಲಿನಲ್ಲೇ ಮಾಡಬೇಕು. ಇದರಿಂದ ಬೂಷ್ಟು ಪೂರ್ತಿ ಸಾಯದಿದ್ದರೂ ಅದರ ಬೆಳವಣಿಗೆ ಕುಂಠಿತವಾಗುತ್ತದೆ.

ವಾಸನೆ ಬಲವಾಗಿದ್ದರೆ ಕಾಯಿಲ್ ತೊಳೆಯಲೇಬೇಕು. ಇದಕ್ಕೆಂದೇ ತಯಾರಾದ ನೊರೆ ಡಬ್ಬಿಗಳು ಮಾರುಕಟ್ಟೆಯಲ್ಲಿವೆ. ಎಂಜಿನ್ ಆರಿಸಿ, ಫಿಲ್ಟರ್ ತೆಗೆದ ಜಾಗದಿಂದ ಅಥವಾ ಕೆಳಗಿನ ನೀರಿನ ಕೊಳವೆಯಿಂದ ಉದ್ದನೆಯ ನಳಿಗೆ ತೂರಿಸಿ ನೊರೆ ತುಂಬಬೇಕು. ಡಬ್ಬಿಯ ಮೇಲೆ ಸೂಚಿಸಿದಷ್ಟು ಹೊತ್ತು ಬಿಟ್ಟರೆ ನೊರೆ ಕರಗಿ, ಕೊಳೆಯೊಂದಿಗೆ ಕೊಳವೆಯಿಂದ ಹೊರಹೋಗುತ್ತದೆ. ಹೀಗಾಗಿ ಕೊಳವೆ ಸರಿಯಿದೆಯೆಂದು ಖಚಿತಪಡಿಸಿಕೊಳ್ಳದೆ ನೊರೆ ಹಾಕಬಾರದು. ಬ್ಲೋವರ್ ಮೋಟಾರ್ ಮತ್ತು ತಂತಿಗಳ ಮೇಲೆ ನೊರೆ ಬೀಳದಂತೆ ಎಚ್ಚರ ವಹಿಸಬೇಕು. ಕೊನೆಯಲ್ಲಿ ಬಾಗಿಲು ತೆರೆದು, ಬ್ಲೋವರನ್ನು ಜೋರಾಗಿ ಓಡಿಸಿ ಒಣಗಿಸಿದ ನಂತರವೇ ಹೊಸ ಫಿಲ್ಟರ್ ಹಾಕಬೇಕು.

ಇಂಥ ಅನೇಕ ಡಬ್ಬಿಗಳಲ್ಲಿ ಬೇಗನೆ ಹೊತ್ತಿಕೊಳ್ಳುವ ಅನಿಲವಿರುತ್ತದೆ. ಬಳಸುವಾಗ ಬೀಡಿ, ಸಿಗರೇಟು, ಊದುಬತ್ತಿ ಸನಿಹದಲ್ಲಿರಬಾರದು. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಡಬ್ಬಿ ಬಿಟ್ಟುಹೋಗಲೂಬಾರದು. ಮನೆಯ ಶೌಚಾಲಯಕ್ಕೆ ಬಳಸುವ ಬ್ಲೀಚ್ ಅಥವಾ ಆ್ಯಸಿಡನ್ನು ಕಾಯಿಲ್‌ಗೆ ಸಿಂಪಡಿಸುವ ಪ್ರಯೋಗ ಬೇಡ. ಅಲ್ಯೂಮಿನಿಯಂ ಸವೆದು ಕಾಯಿಲ್ ಸೋರತೊಡಗಿದರೆ ಡ್ಯಾಶ್‌ಬೋರ್ಡ್ ಬಿಚ್ಚಿ ಹೊಸ ಕಾಯಿಲ್ ಹಾಕಬೇಕಾಗುತ್ತದೆ. ನೂರಾರು ರೂಪಾಯಿಯ ಉಳಿತಾಯಕ್ಕೆ ಹೋಗಿ ಸಾವಿರಾರು ರೂಪಾಯಿ ತೆತ್ತಂತೆ ಆದೀತು.

ನೊರೆಯಿಂದಲೂ ವಾಸನೆ ಹೋಗದಿದ್ದರೆ ಡ್ಯಾಶ್‌ಬೋರ್ಡ್ ಬಿಚ್ಚಿ ಕಾಯಿಲ್ ಹೊರತೆಗೆದು ತೊಳೆಯುವುದು ಕಡೆಯ ದಾರಿ. ಇದು ಹೆಚ್ಚು ಕಾಲ, ಹೆಚ್ಚು ಹಣ ಬೇಡುವ ಕೆಲಸ. ಜೋಡಣೆ ಸರಿಯಾಗದಿದ್ದರೆ ಡ್ಯಾಶ್‌ಬೋರ್ಡಿನಿಂದ ಗಡಗಡ ಸದ್ದು ಶುರುವಾಗುವುದರಿಂದ ಅನುಭವಿಗಳ ಕೈಯಲ್ಲೇ ಮಾಡಿಸಬೇಕು.

ಓಜೋನ್ ಮತ್ತು ಸುಗಂಧ

ಓಜೋನ್ ಯಂತ್ರದಿಂದ ಕಾರಿನ ವಾಸನೆ ಹೋಗಲಾಡಿಸುವ ಸೇವೆಯನ್ನು ಹಲವೆಡೆ ನೀಡಲಾಗುತ್ತಿದೆ. ಓಜೋನ್ ತೀಕ್ಷ್ಣ ಅನಿಲ. ಹೆಚ್ಚು ಪ್ರಮಾಣದಲ್ಲಿ ಅದು ವಾಸನೆಯ ಕಣಗಳನ್ನು ಒಡೆಯುತ್ತದೆ ನಿಜ, ಆದರೆ ಶ್ವಾಸಕೋಶವನ್ನೂ ಕೆರಳಿಸುತ್ತದೆ, ರಬ್ಬರನ್ನೂ ಹಾಳುಮಾಡುತ್ತದೆ. ಮನುಷ್ಯರಿಗೆ ಸುರಕ್ಷಿತವಾದ ಪ್ರಮಾಣದಲ್ಲಿ ಬಳಸಿದರೆ ಓಜೋನ್‌ನಿಂದ ವಾಸನೆ ನಿವಾರಣೆಗೆ ಹೆಚ್ಚಿನ ಪ್ರಯೋಜನವಿಲ್ಲ ಎಂಬುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಭಿಪ್ರಾಯ. ಈ ಸೇವೆ ಪಡೆಯುವುದಾದರೆ ಯಂತ್ರ ಓಡುವಾಗ ಕಾರಿನೊಳಗೆ ಯಾರೂ ಇರಬಾರದು. ಮುಗಿದ ಮೇಲೆ ಎಲ್ಲ ಬಾಗಿಲು ತೆರೆದು ಸಾಕಷ್ಟು ಹೊತ್ತು ಗಾಳಿಯಾಡಿಸಬೇಕು. ಕಾಯಿಲ್ ಮೇಲಿನ ಕೊಳೆ ಓಜೋನ್‌ನಿಂದ ತೊಳೆದುಹೋಗುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ಸುಗಂಧ ದ್ರವ್ಯಗಳು ವಾಸನೆಯನ್ನು ಮರೆಮಾಚುತ್ತವೆಯೇ ಹೊರತು ತೆಗೆಯುವುದಿಲ್ಲ. ಮುಚ್ಚಿದ ಕಾರಿನಲ್ಲಿ ಅವುಗಳ ಗಾಢ ಪರಿಮಳವೇ ಕೆಲವರಿಗೆ ತಲೆನೋವು, ವಾಕರಿಕೆ ತರುತ್ತದೆ. ಡ್ಯಾಶ್‌ಬೋರ್ಡಿನ ದೇವರ ಮೂರ್ತಿಗೆ ಮುಡಿಸಿದ ಹೂವಿನ ಎಸಳುಗಳು ಮುಂದಿನ ಗಾಜಿನ ಬುಡದ ಗಾಳಿ ಸಂದಿಗೆ ಬಿದ್ದು ಕೊಳೆಯುವುದೂ ಉಂಟು. ಹೂವನ್ನು ಅಂದಂದೇ ತೆಗೆದರೆ ಈ ತೊಂದರೆ ಇಲ್ಲ.

ಇಲಿಗಳ ಕಾಟ

ಅಪಾರ್ಟ್‌ಮೆಂಟ್ ನೆಲಮಾಳಿಗೆಗಳಲ್ಲಿ, ಕಸದ ರಾಶಿಯ ಸಮೀಪ ಕಾರು ನಿಲ್ಲಿಸುವವರಿಗೆ ಇಲಿಗಳದ್ದೇ ದೊಡ್ಡ ತಲೆನೋವು. ಬೆಚ್ಚಗಿನ ಎಂಜಿನ್ ಭಾಗವನ್ನು ಹುಡುಕಿ ಬರುವ ಇಲಿಗಳು ಗಾಳಿ ಕಿಂಡಿಯ ಮೂಲಕ ಫಿಲ್ಟರ್‌ವರೆಗೆ ತಲುಪಿ, ಅದನ್ನೇ ಕಡಿದು ಗೂಡು ಕಟ್ಟುತ್ತವೆ. ಬಾನೆಟ್ ಒಳಗೆ ಹೊಗೆಸೊಪ್ಪು ಕಟ್ಟುವುದು ಅನೇಕರು ಪಾಲಿಸುತ್ತಿರುವ ಉಪಾಯ. ಇದರಿಂದ ಸ್ವಲ್ಪ ಕಾಲ ಇಲಿಗಳು ದೂರವಿರಬಹುದಾದರೂ ಖಾತರಿಯಿಲ್ಲ. ಗಾಳಿ ಕಿಂಡಿಗೆ ಸಣ್ಣ ಕಣ್ಣಿನ ಲೋಹದ ಜಾಲರಿ ಹಾಕಿಸುವುದು ಮತ್ತು ಕಾರಿನೊಳಗೆ ತಿಂಡಿಯ ಚೂರು ಉಳಿಸದಿರುವುದು ಹೆಚ್ಚು ಭರವಸೆಯ ಕ್ರಮಗಳು. ಇಲಿ ಪಾಷಾಣ ಇಟ್ಟರೆ ವಿಷ ತಿಂದ ಇಲಿ ಗಾಳಿಯ ಕೊಳವೆಯೊಳಗೇ ಹೋಗಿ ಸಾಯಬಹುದು.

ಫಿಲ್ಟರ್ ಬಳಿ ಇಲಿಯ ಹಿಕ್ಕೆ ಕಂಡರೆ ಬ್ಲೋವರ್ ಚಾಲೂ ಮಾಡಬಾರದು. ಇಲಿಯ ಮೂತ್ರದಿಂದ ಇಲಿ ಜ್ವರದಂಥ ಕಾಯಿಲೆ ಹರಡುವ ಸಾಧ್ಯತೆ ಇರುವುದರಿಂದ ಕೈಗವಸು, ಮುಖಗವಸು ಧರಿಸಬೇಕು. ಒಣ ಹಿಕ್ಕೆಯನ್ನು ಗುಡಿಸದೆ, ಸೋಂಕುನಿವಾರಕ ದ್ರವದಿಂದ ನೆನೆಸಿ ಒರೆಸಿ ತೆಗೆಯಬೇಕು. ಇಲಿ ಓಡಿಸಲು ಕಾರಿನೊಳಗೆ ನುಸಿಗುಳಿಗೆ ಇಡುವುದು ಸರಿಯಲ್ಲ. ಬಿಸಿಲಿನಲ್ಲಿ ಅದರ ಆವಿ ಮುಚ್ಚಿದ ಕಾರಿನಲ್ಲಿ ತುಂಬಿಕೊಳ್ಳುತ್ತದೆ. ಶಿಶುಗಳಿಗೆ ಇದು ವಿಶೇಷವಾಗಿ ಹಾನಿಕರ.

ಗ್ಯಾಸ್ ತುಂಬಿಸಿದರೆ ವಾಸನೆ ಹೋಗದು

ವಾಸನೆಯ ದೂರು ಹೇಳಿದೊಡನೆ ‘ಗ್ಯಾಸ್ ತುಂಬಿಸಿ’ ಎಂಬ ಸಲಹೆ ಬಂದರೆ ಎಚ್ಚರದಿಂದಿರಬೇಕು. ಶೀತಲ ಅನಿಲ ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತದೆ. ಅದು ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ, ಮುಗ್ಗಲು ವಾಸನೆಗೂ ಅದಕ್ಕೂ ಸಂಬಂಧವಿಲ್ಲ. ತಂಪು ಕಡಿಮೆಯಾಗಿದ್ದರೆ ಮಾತ್ರ ಅನಿಲದ ಒತ್ತಡ ಪರೀಕ್ಷಿಸಬೇಕು. ಕಡಿಮೆಯಿದ್ದರೆ ಮೊದಲು ಸೋರಿಕೆ ಸರಿಪಡಿಸಿ, ಆಮೇಲೆ ತುಂಬಿಸಬೇಕು.

ಇದರಲ್ಲಿ ಪರಿಸರದ ಪ್ರಶ್ನೆಯೂ ಇದೆ. ರಸ್ತೆಯ ಮೇಲಿರುವ ಬಹಳಷ್ಟು ಕಾರುಗಳಲ್ಲಿ ಆರ್-134ಎ ಎಂಬ ಅನಿಲವಿದೆ. ಓಜೋನ್ ಪದರಕ್ಕೆ ಇದು ಹಾನಿ ಮಾಡದು. ಆದರೆ ನೂರು ವರ್ಷಗಳ ಲೆಕ್ಕದಲ್ಲಿ ಭೂಮಿಯನ್ನು ಬಿಸಿಯಾಗಿಸುವ ಇದರ ಶಕ್ತಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ 1,430 ಪಟ್ಟು ಎಂದು ಅಂದಾಜಿಸಲಾಗಿದೆ. ಇಂಥ ಅನಿಲಗಳ ಬಳಕೆ ತಗ್ಗಿಸುವ ಕಿಗಾಲಿ ತಿದ್ದುಪಡಿ 2016ರಲ್ಲಿ ಅಂಗೀಕಾರವಾಯಿತು. ಭಾರತ ಅದನ್ನು 2021ರಲ್ಲಿ ಸ್ಥಿರೀಕರಿಸಿತು. ಹಳೆಯ ಅನಿಲವನ್ನು ಗಾಳಿಗೆ ಬಿಡದೆ ಯಂತ್ರದಲ್ಲಿ ಹಿಡಿದಿಡುವ ಗ್ಯಾರೇಜುಗಳನ್ನು ಆರಿಸಿಕೊಳ್ಳುವುದು ಯುಕ್ತ.

ಬೆಂಜೀನ್ ವದಂತಿ

ಕಾರು ಹತ್ತಿದೊಡನೆ ಎಸಿ ಹಾಕಿದರೆ ಬೆಂಜೀನ್ ಹೊರಬಂದು ಕ್ಯಾನ್ಸರ್ ಬರುತ್ತದೆ ಎಂಬ ಸಂದೇಶ 2009ರ ಸುಮಾರಿನಿಂದ ಮೊದಲು ಇಮೇಲ್‌ಗಳಲ್ಲಿ, ಆನಂತರ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಲೇ ಇದೆ. ಎಸಿ ಯಂತ್ರ ಬೆಂಜೀನನ್ನು ಉತ್ಪಾದಿಸುವುದಿಲ್ಲ. ಬಿಸಿಲಿಗೆ ಕಾದ ಪ್ಲಾಸ್ಟಿಕ್, ಅಂಟು, ಫೋಮ್‌ಗಳಿಂದ ಬಗೆಬಗೆಯ ಆವಿ ಹೊರಡುವುದು ನಿಜ. ಹೊಸ ಕಾರಿನ ವಾಸನೆ ಎನ್ನುವುದು ಅದನ್ನೇ. ಹೀಗಾಗಿ ಹೆದರಿಕೆಗೆ ಆಧಾರವಿಲ್ಲದಿದ್ದರೂ, ಬಿಸಿಲಿನಲ್ಲಿ ನಿಂತ ಕಾರಿನ ಗಾಜು ಇಳಿಸಿ ಒಂದೆರಡು ನಿಮಿಷ ಗಾಳಿಯಾಡಿಸುವ ಅಭ್ಯಾಸ ಒಳ್ಳೆಯದೇ. ಒಳಗಿನ ಕಾವು ಹೊರಹೋಗಿ ಎಸಿ ಬೇಗ ತಂಪು ಮಾಡುತ್ತದೆ.

ಹಳೆಯ ಕಾರು ಕೊಳ್ಳುವಾಗ

ಬಳಸಿದ ಕಾರು ಕೊಳ್ಳುವವರಿಗೆ ವಾಸನೆ ಬಹುಮುಖ್ಯ ಸುಳಿವು. ಕಾರಿನೊಳಗೆ ಅತಿಯಾದ ಸುಗಂಧವಿದ್ದರೆ ಅದು ಏನನ್ನು ಮರೆಮಾಚುತ್ತಿದೆ ಎಂದು ಪ್ರಶ್ನಿಸಿಕೊಳ್ಳಬೇಕು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳು ಜಲಾವೃತವಾದಾಗ ಅನೇಕ ಕಾರುಗಳು ನೀರಿನಲ್ಲಿ ಮುಳುಗಿದ್ದವು. ಇಂಥ ಕಾರುಗಳ ಕಾರ್ಪೆಟ್ ಅಡಿ, ಗಾಳಿ ಕೊಳವೆ, ತಂತಿಗಳ ಜೋಡಣೆಯಲ್ಲಿ ಸೇರಿದ ಕೆಸರು ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಗೆರೆ ಇದೆಯೇ ನೋಡುವುದು, ಸೀಟಿನ ಕಂಬಿಗಳಲ್ಲಿ ತುಕ್ಕು ಹುಡುಕುವುದು, ಎಸಿ ಹಾಕಿ ಮೂಸುವುದು ಈ ಮೂರು ಪರೀಕ್ಷೆಗಳಿಗೆ ಖರ್ಚಿಲ್ಲ.

ನಿತ್ಯ ಪಾಲಿಸಬೇಕಾದ ಕ್ರಮಗಳು

* ಊರು ಅಥವಾ ಕಚೇರಿ ತಲುಪುವ ಮೂರರಿಂದ ಐದು ನಿಮಿಷ ಮೊದಲೇ ಎಸಿ ಗುಂಡಿ ಆರಿಸಿ, ಹೊರಗಾಳಿಯೊಂದಿಗೆ ಬ್ಲೋವರ್ ಓಡಿಸಬೇಕು. ಕಾಯಿಲ್ ಒಣಗಿಸುವ ಈ ಒಂದು ಅಭ್ಯಾಸ ಬಹುಪಾಲು ವಾಸನೆಯನ್ನು ತಡೆಯಬಲ್ಲದು. ಇದೇ ಕೆಲಸವನ್ನು ಎಂಜಿನ್ ಆರಿದ ಮೇಲೆ ತಾನಾಗಿ ಮಾಡುವ ‘ಆಫ್ಟರ್ ಬ್ಲೋ’ ತಂತ್ರಜ್ಞಾನವನ್ನು ಹ್ಯುಂಡೈ ಸಮೂಹ 2020ರಲ್ಲಿ ಪ್ರಕಟಿಸಿತು.

* ಒಳಗಾಳಿಯನ್ನೇ ಗಂಟೆಗಟ್ಟಲೆ ಸುತ್ತಿಸಬಾರದು. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಶೇ 0.04ರಷ್ಟಿದ್ದರೆ, ನಾಲ್ವರು ಕುಳಿತ ಮುಚ್ಚಿದ ಕಾರಿನಲ್ಲಿ ಕೆಲವೇ ನಿಮಿಷಗಳಲ್ಲಿ ಅದರ ಹಲವು ಪಟ್ಟು ಏರುತ್ತದೆ. ಚಾಲಕರಿಗೆ ತೂಕಡಿಕೆ ಬರಲು ಇದೂ ಒಂದು ಕಾರಣ. ಹೊಗೆ, ದೂಳಿನ ಜಾಗ ದಾಟಿದ ಮೇಲೆ ಹೊರಗಾಳಿಗೆ ಬದಲಿಸಬೇಕು.

* ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಓಡಿಸಿ, ಬಳಿಕ ಒಣಗಿಸಬೇಕು.

* ಒದ್ದೆ ಮ್ಯಾಟ್, ಕೊಡೆ, ರೇನ್‌ಕೋಟುಗಳನ್ನು ರಾತ್ರಿ ಕಾರಿನೊಳಗೆ ಬಿಡಬಾರದು.

* ಕಾರಿನೊಳಗೆ ಧೂಮಪಾನ ಬೇಡ. ಅದರ ಜಿಡ್ಡು ಕಾಯಿಲ್ ಮೇಲೂ ಕೂರುತ್ತದೆ.

ಗ್ಯಾರೇಜಿನಲ್ಲಿ ಕೇಳಬೇಕಾದ ಪ್ರಶ್ನೆಗಳು

ಪ್ರತಿ ಸರ್ವಿಸ್‌ನಲ್ಲೂ ‘ಎಸಿ ಶುದ್ಧೀಕರಣ’ದ ಹೆಸರಿನಲ್ಲಿ ಬಿಲ್‌ಗೆ ಒಂದು ಸಾಲು ಸೇರುವುದು ಸಾಮಾನ್ಯ. ಅದಕ್ಕೆ ಒಪ್ಪುವ ಮೊದಲು ಏನು ಮಾಡುತ್ತಾರೆಂದು ಕೇಳುವುದು ಗ್ರಾಹಕರ ಹಕ್ಕು. ಗಾಳಿ ಕಿಂಡಿಗೆ ಪರಿಮಳ ಸಿಂಪಡಿಸುತ್ತಾರೆಯೇ ಅಥವಾ ಕಾಯಿಲ್‌ವರೆಗೆ ನೊರೆ ತಲುಪಿಸುತ್ತಾರೆಯೇ? ನೀರಿನ ಕೊಳವೆ ಪರೀಕ್ಷಿಸಿದ್ದಾರೆಯೇ? ಬದಲಿಸಿದ ಹಳೆಯ ಫಿಲ್ಟರ್ ತೋರಿಸುತ್ತಾರೆಯೇ? ಈ ಮೂರು ಪ್ರಶ್ನೆಗಳಿಗೆ ಸ್ಪಷ್ಟ ಉತ್ತರ ದೊರೆತರೆ ಕೊಟ್ಟ ಹಣ ಸಾರ್ಥಕ.

ಮುಗ್ಗಲು ವಾಸನೆಗೆ ಒಂದೆರಡು ವಾರ ಕಾಯಬಹುದು. ಇಂಧನ, ಹೊಗೆ ಅಥವಾ ಕರಕಲು ವಾಸನೆಗೆ ಮಾತ್ರ ಒಂದು ದಿನವೂ ಕಾಯುವಂತಿಲ್ಲ. ಅಂಥ ಕಾರನ್ನು ಓಡಿಸಿಕೊಂಡು ಹೋಗುವುದಕ್ಕಿಂತ ಮೆಕ್ಯಾನಿಕ್‌ನನ್ನು ಕಾರು ಇದ್ದಲ್ಲಿಗೇ ಕರೆಸುವುದು ಸುರಕ್ಷಿತ.